ಪ್ಯಾರಿಸ್ಸಿನ ಲೋಲಕ, ಗಾದಿಗನೂರಿನ ತೊಟ್ಟಿಲು

1672ರಲ್ಲಿ ಜ್ಯಾನ್ ರಿಷೇ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕೆಯೆನ್ ಎಂಬಲ್ಲಿಗೆ ಹೋದ. ಪ್ಯಾರಿಸ್ಸಿನಲ್ಲಿ ಸರಿಯಾಗಿ ಹೊಂದಿಸಿದ್ದ ಲೋಲಕದ ಗಡಿಯಾರ ಅವನ ಜೊತೆಯಲ್ಲಿತ್ತು. ಸಮಭಾಜಕಕ್ಕೆ ಸಮೀಪದ ಆ ಊರಿನಲ್ಲಿ ಅದು ದಿನಕ್ಕೆ ಸುಮಾರು ಎರಡೂವರೆ ಮಿನಿಟು ಹಿಂದೆ ಬೀಳತೊಡಗಿತು. ಲೋಲಕವನ್ನು ಸುಮಾರು 3 ಮಿಲಿಮೀಟರಿನಷ್ಟು ಗಿಡ್ಡ ಮಾಡಿದ ಮೇಲೆ ಸಮಯ ಸರಿಹೋಯಿತು. ಗಡಿಯಾರ ಕೆಟ್ಟಿರಲಿಲ್ಲ; ಕೆಯೆನ್‌ನಲ್ಲಿ ಗುರುತ್ವದ ಸೆಳೆತವೇ ಸ್ವಲ್ಪ ಕಡಿಮೆ. 1687ರಲ್ಲಿ ನ್ಯೂಟನ್ ತನ್ನ ‘ಪ್ರಿನ್ಸಿಪಿಯಾ’ದಲ್ಲಿ ಈ ಅಳತೆಯನ್ನು ಬಳಸಿಕೊಂಡು, ಭೂಮಿ ಧ್ರುವಗಳಲ್ಲಿ ಚಪ್ಪಟೆ, ನಡುವಿನಲ್ಲಿ ಉಬ್ಬು ಎಂದು ವಾದಿಸಿದ. ಪ್ಯಾರಿಸ್ಸಿನಲ್ಲೇ ಕುಳಿತು ಸಾವಿರ ಬಾರಿ ಅಳೆದಿದ್ದರೂ ಈ ವಿಷಯ ಹೊರಬರುತ್ತಿರಲಿಲ್ಲ.

ಈ ಕಥೆಯನ್ನು ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ನಾನು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಈಚೆಗೆ ಇದು ಬೇರೊಂದು ಸಂದರ್ಭದಲ್ಲಿ ನೆನಪಾಯಿತು. ಶಿಶುಗಳು ಸಂವಹನವನ್ನು ಹೇಗೆ ಕಲಿಯುತ್ತವೆ ಎಂಬ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದಿರುವ ಸಂಶೋಧನೆಯನ್ನು ಓದುತ್ತಿದ್ದೆ. ಶಿಶುಮನೋವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಅಳತೆ ಮತ್ತು ಅಳತೆಯ ದೋಷ ನನ್ನ ಕಸುಬಿನ ವಿಷಯ. ಆ ದೃಷ್ಟಿಯಿಂದ ಹೇಳಬೇಕಾದ ಒಂದು ಮಾತಿದೆ: ಈ ಕ್ಷೇತ್ರದ ಗಡಿಯಾರ ಬಹುಕಾಲ ಪ್ಯಾರಿಸ್ಸಿನಲ್ಲೇ ಇತ್ತು. ಅದು ಗಾದಿಗನೂರಿನಂಥ ಊರಿಗೆ ಬರಬೇಕು. ಬರುವಾಗ ಯಾವ ಷರತ್ತಿನ ಮೇಲೆ ಬರಬೇಕು ಎಂಬುದನ್ನು ನಾವು, ಅಂದರೆ ತಂದೆತಾಯಿಯರು, ಅಂಗನವಾಡಿ ಕಾರ್ಯಕರ್ತೆಯರು, ಅಧ್ಯಾಪಕರು, ಮುಂಚಿತವಾಗಿ ಯೋಚಿಸಬೇಕು.

ಮಾತು ಬಾರದವರನ್ನು ಕೇಳುವುದು ಹೇಗೆ?

ಮೊದಲಿಗೆ ಈ ಸಂಶೋಧನೆಯ ಜಾಣತನಕ್ಕೆ ಗೌರವ ಸಲ್ಲಬೇಕು. ಒಂದು ತಿಂಗಳ ಕೂಸಿಗೆ ‘ಬ’ ಮತ್ತು ‘ಪ’ ಬೇರೆ ಬೇರೆಯಾಗಿ ಕೇಳುತ್ತದೆಯೇ? ಕೂಸು ಉತ್ತರ ಹೇಳಲಾರದು. 1971ರಲ್ಲಿ ಪೀಟರ್ ಐಮಸ್ ಮತ್ತು ಸಂಗಡಿಗರು ಅದರ ಬಾಯಿಗೆ ತಂತಿ ಜೋಡಿಸಿದ ನಿಪ್ಪಲ್ ಕೊಟ್ಟು, ಅದು ಚೀಪುವ ವೇಗವನ್ನು ಅಳೆದರು. ಒಂದೇ ಸದ್ದು ಮತ್ತೆ ಮತ್ತೆ ಕೇಳಿದರೆ ಕೂಸಿಗೆ ಬೇಸರವಾಗಿ ಚೀಪುವುದು ಇಳಿಯುತ್ತದೆ. ಸದ್ದು ಬದಲಾದದ್ದು ಗೊತ್ತಾದರೆ ಮತ್ತೆ ಏರುತ್ತದೆ. ತುಟಿ ಬಿಚ್ಚಿದ ಮೇಲೆ ಗಂಟಲ ಕಂಪನ ಆರಂಭವಾಗಲು 20 ಮಿಲಿಸೆಕೆಂಡ್ ಹಿಡಿದರೆ ಇಂಗ್ಲಿಷಿನವರಿಗೆ ಅದು ‘ಬ’. 40 ಮಿಲಿಸೆಕೆಂಡ್ ಹಿಡಿದರೆ ‘ಪ’. ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಕೂಸುಗಳು ಈ ಎರಡನ್ನೂ ಪ್ರತ್ಯೇಕಿಸಿದವು.

ಕನ್ನಡದ ಮನೆಯಲ್ಲಿ ಇದೇ ಪ್ರಯೋಗವನ್ನು ಮಾಡಹೊರಟರೆ ಸ್ವಲ್ಪ ನಿಲ್ಲಬೇಕಾಗುತ್ತದೆ. ನಮ್ಮ ‘ಬ’ದಲ್ಲಿ ಗಂಟಲ ಕಂಪನ ತುಟಿ ಬಿಚ್ಚುವ ಮೊದಲೇ ಶುರುವಾಗುತ್ತದೆ. ಇಂಗ್ಲಿಷಿನ ಗಡಿರೇಖೆ ನಮ್ಮ ಗಡಿರೇಖೆಯಲ್ಲ. ಉಪಕರಣ ಸರಿ, ತತ್ತ್ವ ಸರಿ. ಆದರೆ ಅಳತೆಪಟ್ಟಿಯ ಮೇಲಿನ ಗೀಟು ಬೇರೊಬ್ಬರ ಮನೆಯದು.

ಇನ್ನೂ ಸ್ವಾರಸ್ಯದ ಉದಾಹರಣೆ 1984ರದು. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ‘ತ’ ಮತ್ತು ‘ಟ’ಗಳನ್ನು ಇಂಗ್ಲಿಷ್ ಮನೆಯ ಶಿಶುಗಳಿಗೆ ಕೇಳಿಸಿದರು. ನಾಲಿಗೆಯ ತುದಿ ಹಲ್ಲಿಗೆ ತಾಗಿದರೆ ‘ತ’, ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿದರೆ ‘ಟ’. ಬಾಯಿಯೊಳಗಿನ ಗಾಳಿಯ ಕೊಳವೆಯ ಆಕಾರ ಬದಲಾಗುವುದರಿಂದ ಅದರ ಅನುನಾದ ಆವರ್ತನಗಳೂ, ಮುಖ್ಯವಾಗಿ ಮೂರನೆಯದು, ಬದಲಾಗುತ್ತವೆ. ಸದ್ದು ಬದಲಾದಾಗ ಶಿಶು ತಲೆ ತಿರುಗಿಸಿದರೆ ಕುಣಿಯುವ ಆಟಿಕೆಯೊಂದು ಬಹುಮಾನವಾಗಿ ಕಾಣುತ್ತಿತ್ತು. ಆರರಿಂದ ಎಂಟು ತಿಂಗಳ ಇಂಗ್ಲಿಷ್ ಶಿಶುಗಳಲ್ಲಿ ಹೆಚ್ಚಿನವು ‘ತ’-‘ಟ’ ಭೇದವನ್ನು ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಹೋಗಿತ್ತು. ಮಗು ತನ್ನ ಮನೆಯ ಭಾಷೆಗೆ ಕಿವಿಯನ್ನು ಹೊಂದಿಸಿಕೊಳ್ಳುವಾಗ ಬೇಡದ ಭೇದಗಳನ್ನು ಬಿಟ್ಟುಕೊಡುತ್ತದೆ ಎಂಬ ಈ ಫಲಿತಾಂಶ ಇಂದು ಪಠ್ಯಪುಸ್ತಕದ ಮಾತು.

ಇಲ್ಲೊಂದು ವಿಷಯ ಗಮನಿಸಿ. ನಮ್ಮ ‘ತ’-‘ಟ’ ವಿಜ್ಞಾನದ ಚರಿತ್ರೆಗೆ ಸೇರಿದ್ದು ‘ಅವರಲ್ಲಿಲ್ಲದ ಧ್ವನಿ’ ಎಂಬ ಕಾರಣಕ್ಕೆ. ಹಿಂದಿ ಮನೆಯ ಶಿಶುಗಳನ್ನೂ ಹೋಲಿಕೆಗಾಗಿ ಪರೀಕ್ಷಿಸಿದರು. ಅವು ವರ್ಷ ತುಂಬುವ ಹೊತ್ತಿಗೂ ಭೇದವನ್ನು ಉಳಿಸಿಕೊಂಡಿದ್ದವು. ಆದರೆ ಅವು ಕೆಲವೇ ಕೆಲವು. ನಮ್ಮ ಧ್ವನಿ ಉಪಕರಣವಾಯಿತು. ಆ ಧ್ವನಿಯನ್ನು ದಿನವೂ ಕೇಳುವ ಮಕ್ಕಳು ಬಹುಮಟ್ಟಿಗೆ ಹೊರಗುಳಿದರು.

ಎಣಿಕೆ ಏನು ಹೇಳುತ್ತದೆ?

ಇದು ಒಂದೆರಡು ಪ್ರಯೋಗಗಳ ಕೊರತೆಯಾಗಿದ್ದರೆ ದೊಡ್ಡ ಮಾತಲ್ಲ. ಎವನ್ ಕಿಡ್ ಮತ್ತು ರೋವೀನಾ ಗಾರ್ಸಿಯಾ 2022ರಲ್ಲಿ ಮಕ್ಕಳ ಭಾಷಾಕಲಿಕೆಯ ನಾಲ್ಕು ಪ್ರಮುಖ ನಿಯತಕಾಲಿಕೆಗಳನ್ನು 1974ರಿಂದ ಈಚೆಗೆ ಪರಿಶೀಲಿಸಿ ಲೆಕ್ಕ ಕೊಟ್ಟರು. ಜಗತ್ತಿನ ಸುಮಾರು 7,000 ಭಾಷೆಗಳ ಪೈಕಿ ಅಲ್ಲಿ ಕಾಣಿಸಿಕೊಂಡಿರುವುದು 103, ಅಂದರೆ ಶೇಕಡಾ 1.5ರ ಆಸುಪಾಸು. ಅದರಲ್ಲೂ ಇಂಗ್ಲಿಷಿನದೇ ಸಿಂಹಪಾಲು. 1964ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಆರು ಭಾಷೆಗಳ ‘ಮಗುನುಡಿ’ಯನ್ನು ಹೋಲಿಸಿದಾಗ ಅದರಲ್ಲಿ ಮರಾಠಿ ಇತ್ತು. ನಮ್ಮ ‘ಬುವ್ವ’, ‘ತಾಚಿ’, ‘ಟೂಟೂ’ಗಳು ಆ ಪಟ್ಟಿಯಲ್ಲಿರಲಿಲ್ಲ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 4.37 ಕೋಟಿ. ಅದೇ ಜನಗಣತಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಿದೆ. ಸಂಡೂರು ಸೀಮೆಯ ತಾಂಡಾಗಳಲ್ಲಿ ಹುಟ್ಟುವ ಮಗುವಿನ ಮೊದಲ ಭಾಷೆ ಹೀಗೆ ಪಟ್ಟಿಯಲ್ಲೇ ಕರಗಿಹೋಗುತ್ತದೆ.

ಈ ಕೊರತೆಯನ್ನು ಆ ಕ್ಷೇತ್ರದವರೇ ಒಪ್ಪಿಕೊಂಡಿದ್ದಾರೆ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು, ಮನೋವಿಜ್ಞಾನದ ‘ಮನುಷ್ಯ’ ಎಂದರೆ ಬಹುಪಾಲು ಪಾಶ್ಚಾತ್ಯ, ಸುಶಿಕ್ಷಿತ, ಕೈಗಾರಿಕೀಕೃತ, ಶ್ರೀಮಂತ, ಪ್ರಜಾಸತ್ತಾತ್ಮಕ ಸಮಾಜದವನು ಎಂದು ತೋರಿಸಿದರು. ಆ ಬಳಿಕ ದೊಡ್ಡ ಪ್ರಯತ್ನಗಳೂ ನಡೆದವು. ‘ಮೆನಿ ಬೇಬೀಸ್’ ಎಂಬ ಒಕ್ಕೂಟ 2020ರಲ್ಲಿ 67 ಪ್ರಯೋಗಾಲಯಗಳ 2,329 ಶಿಶುಗಳ ಫಲಿತಾಂಶವನ್ನು ಪ್ರಕಟಿಸಿತು. ದೊಡ್ಡವರು ಕೂಸಿನೊಡನೆ ರಾಗವೆಳೆದು ಆಡುವ ಮಾತು, ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತು – ಇವೆರಡರಲ್ಲಿ ಶಿಶುವಿಗೆ ಯಾವುದು ಇಷ್ಟ ಎಂಬುದು ಪ್ರಶ್ನೆ. ಶಿಶುಗಳು ರಾಗದ ಮಾತನ್ನೇ ಮೆಚ್ಚಿದವು. ಆದರೆ ಎಲ್ಲ ದೇಶಗಳ ಶಿಶುಗಳಿಗೂ ಕೇಳಿಸಿದ್ದು ಉತ್ತರ ಅಮೆರಿಕದ ಇಂಗ್ಲಿಷನ್ನೇ. ಆ ಇಂಗ್ಲಿಷಿನ ಮನೆಗಳ ಶಿಶುಗಳಲ್ಲಿ ಒಲವು ಹೆಚ್ಚು ಪ್ರಬಲವಾಗಿ ಕಂಡಿತು.

ಭೌತಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರ್ಪಡಿಸುತ್ತಾನೆ. ಕೈ ನಡುಗಿ, ಕಣ್ಣು ತಪ್ಪಿ ಬರುವ ದೋಷ ಯಾದೃಚ್ಛಿಕ. ಅಳತೆಗಳ ಸಂಖ್ಯೆ ಹೆಚ್ಚಿಸಿದರೆ ಅದು ಇಳಿಯುತ್ತದೆ. ವರ್ನಿಯರ್ ಕ್ಯಾಲಿಪರ್ಸ್‌ನ ಸೊನ್ನೆಯ ಗೀಟೇ ಸರಿದಿದ್ದರೆ ಅದು ಕ್ರಮಬದ್ಧ ದೋಷ. ಸಾವಿರ ಸಲ ಅಳೆದರೂ ಅದು ಹಾಗೆಯೇ ಉಳಿಯುತ್ತದೆ; ಸಾಲದ್ದಕ್ಕೆ, ಸರಾಸರಿ ಚೆನ್ನಾಗಿ ಕೂಡಿಬಂದದ್ದರಿಂದ ನಮಗೆ ಸುಳ್ಳು ಧೈರ್ಯ ಬರುತ್ತದೆ. ಒಂದೇ ಬಗೆಯ ಮನೆಗಳಿಂದ ಇನ್ನಷ್ಟು ಶಿಶುಗಳನ್ನು ತಂದರೆ ಕಡಿಮೆಯಾಗುವುದು ಮೊದಲ ದೋಷ ಮಾತ್ರ.

ಮೂರು ಕೋಟಿ ಪದಗಳ ಕಥೆ

ಕ್ರಮಬದ್ಧ ದೋಷ ಪ್ರಯೋಗಾಲಯದಿಂದ ಮನೆಯೊಳಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1995ರಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೀ ಅಮೆರಿಕದ ಕ್ಯಾನ್ಸಸ್ ಸಿಟಿಯ 42 ಕುಟುಂಬಗಳ ಅಧ್ಯಯನವನ್ನು ಪ್ರಕಟಿಸಿದರು. ತಿಂಗಳಿಗೆ ಒಂದು ಗಂಟೆಯಂತೆ ಮನೆಯ ಮಾತನ್ನು ದಾಖಲಿಸಿ, ಅದನ್ನು ಹಿಗ್ಗಿಸಿ ಲೆಕ್ಕಹಾಕಿ, ನಾಲ್ಕು ವರ್ಷ ತುಂಬುವ ಹೊತ್ತಿಗೆ ಬಡವರ ಮನೆಯ ಮಗು ಉದ್ಯೋಗಸ್ಥರ ಮನೆಯ ಮಗುವಿಗಿಂತ ಮೂರು ಕೋಟಿ ಪದ ಕಡಿಮೆ ಕೇಳಿರುತ್ತದೆ ಎಂದರು. ಈ ಸಂಖ್ಯೆ ಜಗತ್ತೆಲ್ಲ ಸುತ್ತಿತು. ಆದರೆ ಸರ್ಕಾರದ ಸಹಾಯಧನದ ಮೇಲೆ ಬದುಕುತ್ತಿದ್ದ ಬಡ ಕುಟುಂಬಗಳು ಆ 42ರಲ್ಲಿ ಎಷ್ಟು ಗೊತ್ತೇ? ಆರು.

ಎಣಿಸಿದ್ದು ಮುಖ್ಯವಾಗಿ ಮಗುವನ್ನು ಉದ್ದೇಶಿಸಿ ಆಡಿದ ಮಾತನ್ನು. ಡಗ್ಲಾಸ್ ಸ್ಪೆರಿ ಮತ್ತು ಸಂಗಡಿಗರು ಐದು ಸಮುದಾಯಗಳಲ್ಲಿ ಮತ್ತೆ ಎಣಿಸಿ 2019ರಲ್ಲಿ ಪ್ರಕಟಿಸಿದಾಗ ಆ ಅಂತರ ಅದೇ ರೀತಿಯಲ್ಲಿ ಮರುಕಳಿಸಲಿಲ್ಲ. ಮನೆಯ ಇತರರ ಮಾತು, ಮಗುವಿನ ಪಕ್ಕದಲ್ಲಿ ನಡೆಯುವ ಮಾತು ಇವನ್ನೂ ಸೇರಿಸಿದರೆ ಚಿತ್ರ ಇನ್ನಷ್ಟು ಬದಲಾಯಿತು. ಮೆಕ್ಸಿಕೋದ ತ್ಸೆಲ್ತಾಲ್ ಮಾಯಾ ಹಳ್ಳಿಯೊಂದರಲ್ಲಿ ಮೇರಿಸಾ ಕ್ಯಾಸಿಯಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ (2020) ಇನ್ನೂ ಯೋಚನೆಗೆ ಹಚ್ಚುವಂಥದು. ಅಲ್ಲಿ ಪುಟ್ಟ ಮಗುವನ್ನು ಉದ್ದೇಶಿಸಿ ಆಡುವ ಮಾತು ಗಂಟೆಗೆ ಸರಾಸರಿ 3.6 ಮಿನಿಟು ಮಾತ್ರ. ಆದರೂ ಆ ಮಕ್ಕಳು ತೊದಲು, ಮೊದಲ ಪದ, ಪದಜೋಡಣೆಯ ಮೆಟ್ಟಿಲುಗಳನ್ನು ಹೆಚ್ಚುಕಡಿಮೆ ಬೇರೆಡೆಯ ಮಕ್ಕಳ ವಯಸ್ಸಿನಲ್ಲೇ ಹತ್ತಿದರು.

ಇದರ ಅರ್ಥ ಮಗುವಿನ ಜೊತೆ ಮಾತಾಡುವುದು ಬೇಡ ಎಂದಲ್ಲ. ಖಂಡಿತ ಮಾತಾಡಿ. 12 ದೇಶಗಳ 1,001 ಮಕ್ಕಳಿಂದ 40,000 ಗಂಟೆಗೂ ಹೆಚ್ಚಿನ ಧ್ವನಿಮುದ್ರಣವನ್ನು ವಿಶ್ಲೇಷಿಸಿದ ಎಲಿಕಾ ಬರ್ಗಲ್ಸನ್ ತಂಡದ 2023ರ ವರದಿಯಲ್ಲೂ, ಹೆಚ್ಚು ಮಾತು ಕೇಳುವ ಮಕ್ಕಳು ಹೆಚ್ಚು ಸದ್ದು ಮಾಡುವುದು ಕಂಡುಬಂದಿದೆ. ಮನೆಯ ಆರ್ಥಿಕ ಸ್ಥಿತಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ ಎಂಬುದೂ ಅದೇ ವರದಿಯಲ್ಲಿದೆ. ಆರು ಕುಟುಂಬಗಳ ಮೇಲೆ ನಿಂತ ಸಂಖ್ಯೆಯನ್ನು ಹಿಡಿದು ‘ಬಡತಾಯಿಗೆ ಮಾತಾಡಲು ಬರುವುದಿಲ್ಲ’ ಎಂಬ ತೀರ್ಪಿಗೆ ಹಾರುವುದನ್ನು ನಾನು ಆಕ್ಷೇಪಿಸುತ್ತಿದ್ದೇನೆ.

ಗಾದಿಗನೂರಿನ ಒಂದು ಮನೆ

ಈಗ ಗಡಿಯಾರವನ್ನು ನಮ್ಮ ಕಡೆಗೆ ತರೋಣ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲು ಗಾದಿಗನೂರಿನ ಮೇಲೆ ಹಾದುಹೋಗುತ್ತದೆ. ಒಂದು ಕಡೆ ಸಂಡೂರಿನ ಅದಿರಿನ ಬೆಟ್ಟಗಳು, ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಅಲ್ಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತೊಲೆಗೆ ಸೀರೆ ಕಟ್ಟಿದ ಜೋಲಿಯಲ್ಲಿ ಎಂಟು ತಿಂಗಳ ಕೂಸು. ತಾಯಿ ಕನ್ನಡ ಮಾತಾಡುತ್ತಾಳೆ. ಆಂಧ್ರದ ಗಡಿಯ ಕಡೆಯಿಂದ ಬಂದ ಅಜ್ಜಿ ತೆಲುಗಿನಲ್ಲಿ ಮುದ್ದಿಸುತ್ತಾಳೆ. ಪಕ್ಕದ ಮನೆಯಾಕೆ ಉರ್ದುವಿನಲ್ಲಿ ಕರೆಯುತ್ತಾಳೆ. ಜೋಲಿ ತೂಗುವ ಕೆಲಸ ಏಳು ವರ್ಷದ ಅಕ್ಕನದು. ತೂಗುತ್ತ ಶಾಲೆಯ ಪದ್ಯವನ್ನೆಲ್ಲ ಕೂಸಿಗೆ ಒಪ್ಪಿಸುತ್ತಾಳೆ. ಹೊರಗೆ ಗೂಡ್ಸ್ ರೈಲು, ಲಾರಿ, ಒಳಗೆ ಟಿವಿ.

ಈ ಕೂಸಿನ ಅಂಗಿಯ ಜೇಬಿಗೆ ‘ಲೀನಾ’ ಎಂಬ ಧ್ವನಿಮುದ್ರಕವನ್ನು ಇಡೋಣ. ಅಮೆರಿಕದಲ್ಲಿ ರೂಪುಗೊಂಡ ಈ ಪುಟ್ಟ ಯಂತ್ರ ಒಂದು ಹಗಲಿಡೀ ದಾಖಲಿಸುತ್ತದೆ. ಅದರ ಗಣಕಕ್ರಮ ಸದ್ದನ್ನು ತಾನೇ ವಿಂಗಡಿಸಿ, ದೊಡ್ಡವರು ಎಷ್ಟು ಪದ ಆಡಿದರು ಎಂದು ಅಂದಾಜು ಕೊಡುತ್ತದೆ. ಆ ಗಣಕಕ್ರಮಕ್ಕೆ ತರಬೇತಿ ಕೊಟ್ಟದ್ದು ಅಮೆರಿಕದ ಇಂಗ್ಲಿಷ್ ಮನೆಗಳ ಧ್ವನಿಯಿಂದ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ ಅದನ್ನು ‘ಬೆರಕೆ’ ಎಂದು ಗುರುತಿಸಿ ಪದಗಳ ಲೆಕ್ಕದಿಂದ ಬಿಡುತ್ತದೆ. ಅಕ್ಕನ ಮಾತನ್ನು ‘ಬೇರೆ ಮಗು’ ಎಂಬ ಗುಂಪಿಗೆ ಹಾಕುತ್ತದೆ; ದೊಡ್ಡವರ ಪದಗಳ ಎಣಿಕೆಗೆ ಅದು ಸೇರದು. ನಾಲ್ಕು ಜನ ಒಟ್ಟಿಗೆ ಮಾತಾಡುವ ಮನೆ, ಅಕ್ಕನೇ ಹೆಚ್ಚು ಮಾತಾಡಿಸುವ ಮನೆ ಈ ಯಂತ್ರದ ಕಣ್ಣಿಗೆ ಹೇಗೆ ಕಂಡೀತು? ಮೌನದ ಮನೆಯ ಹಾಗೆ! ಯಂತ್ರ ಸುಳ್ಳು ಹೇಳುತ್ತಿಲ್ಲ. ಅದನ್ನು ಹೊಂದಿಸಿದ ಮನೆಯಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತಾಡುತ್ತಿದ್ದರು, ಅಷ್ಟೆ.

ಪದಗಳನ್ನು ಎಣಿಸುವುದರಲ್ಲೇ ಇನ್ನೊಂದು ತೊಡಕಿದೆ. ‘ಎರಡು ವರ್ಷಕ್ಕೆ ಮಗು ಎರಡು ಪದ ಜೋಡಿಸಬೇಕು’ ಎಂಬ ಮಾತನ್ನು ನೀವೂ ಕೇಳಿರಬಹುದು. ಇಂಗ್ಲಿಷಿನಲ್ಲಿ ‘ಐ ವಿಲ್ ಗೋ ಹೋಮ್’ ನಾಲ್ಕು ಪದ. ‘ಮನೆಗೆ ಹೋಗ್ತೀನಿ’ ಎರಡೇ ಪದ. ಆದರೆ ‘ಹೋಗ್ತೀನಿ’ ಎಂಬುದರಲ್ಲಿ ಕ್ರಿಯೆಯಿದೆ, ಕಾಲವಿದೆ, ‘ನಾನು’ ಎಂಬುದೂ ಇದೆ. ‘ಮನೆಗೆ’ ಎಂಬುದರಲ್ಲಿ ವಿಭಕ್ತಿಯಿದೆ. ಕೂಸು ‘ಅಜ್ಜೀದು’ ಎಂದರೆ ಒಂದು ಪದವೆಂದು ಬರೆದುಕೊಳ್ಳುತ್ತೇವೆ. ‘ಇದು ಅಜ್ಜಿಗೆ ಸೇರಿದ್ದು’ ಎಂಬ ಪೂರ್ತಿ ವಾಕ್ಯ ಅದರೊಳಗಿದೆ. 1973ರಲ್ಲಿ ರೋಜರ್ ಬ್ರೌನ್ ಮಕ್ಕಳ ಮಾತಿನ ಉದ್ದವನ್ನು ಪದಗಳಲ್ಲಿ ಅಳೆಯದೆ ಅರ್ಥವುಳ್ಳ ತುಣುಕುಗಳಲ್ಲಿ, ಅಂದರೆ ಆಕೃತಿಮಾಗಳಲ್ಲಿ ಅಳೆದ. ಆ ಎಚ್ಚರ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಅಗತ್ಯ. ಕೂಸು ಮೂರು ಭಾಷೆಗಳಲ್ಲಿ ಹತ್ತು ಹತ್ತು ಪದ ಆಡುತ್ತಿದ್ದರೆ ಅದರ ಸಂಪತ್ತು ಮೂವತ್ತು. ಕನ್ನಡದ್ದನ್ನು ಮಾತ್ರ ಎಣಿಸಿದವರ ಕಾಗದದಲ್ಲಿ ಅದು ಹತ್ತಾಗಿ, ಮಗು ‘ಹಿಂದುಳಿದದ್ದು’ ಎನಿಸುತ್ತದೆ.

ಕನ್ನಡದ ಮಕ್ಕಳು ಕೊಟ್ಟ ಉತ್ತರ

‘ನಿಯಮ ಎಲ್ಲೆಡೆ ಒಂದೇ ಅಲ್ಲವೇ? ಮನುಷ್ಯನ ಮಿದುಳು ಹಂಪಿಯಲ್ಲಿ ಬೇರೆ, ಬಾಸ್ಟನ್ನಿನಲ್ಲಿ ಬೇರೆಯೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗುರುತ್ವದ ನಿಯಮ ಪ್ಯಾರಿಸ್ಸಿಗೂ ಕೆಯೆನ್‌ಗೂ ಒಂದೇ. ಆದರೆ ಕೆಯೆನ್‌ಗೆ ಹೋದದ್ದರಿಂದಲೇ ಆ ನಿಯಮದ ಆಳ ಗೊತ್ತಾಯಿತು. ಕನ್ನಡದ ವಿಷಯದಲ್ಲೂ ಹಾಗೊಮ್ಮೆ ನಡೆದಿದೆ.

ಮಗು ಹೊಸ ಕ್ರಿಯಾಪದವನ್ನು ಕೇಳಿದಾಗ, ಅದರಲ್ಲಿ ‘ಒಬ್ಬರು ಇನ್ನೊಬ್ಬರಿಂದ ಮಾಡಿಸುವ’ ಅರ್ಥವಿದೆ ಎಂದು ಹೇಗೆ ತಿಳಿಯುತ್ತದೆ? ಒಂದು ಸುಳಿವು, ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆ. ಇಂಗ್ಲಿಷಿನ ಮಕ್ಕಳು ಇದನ್ನು ಬಳಸುವುದು ಮೊದಲೇ ಗೊತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ಇದೇ ಮುಖ್ಯ ಸುಳಿವು. ಆದ್ದರಿಂದ ಮಗು ಅದನ್ನು ಕೇಳಿ ಕಲಿಯಿತೋ, ಹುಟ್ಟಿನಿಂದಲೇ ಅತ್ತ ವಾಲಿತ್ತೋ ಎಂದು ಬೇರ್ಪಡಿಸಲಾಗದು. ಕನ್ನಡದಲ್ಲಿ ಇದಕ್ಕಾಗಿಯೇ ‘-ಇಸು’ ಇದೆ: ಓಡು–ಓಡಿಸು, ಕುಣಿ–ಕುಣಿಸು, ಮಲಗು–ಮಲಗಿಸು. ಅಲ್ಲದೆ ನಾವು ನಾಮಪದಗಳನ್ನು ಧಾರಾಳವಾಗಿ ಬಿಡುತ್ತೇವೆ, ‘ಮಲಗಿಸಿದೆಯಾ?’ ಎಂದರೆ ಯಾರು, ಯಾರನ್ನು ಎಂಬುದು ಸಂದರ್ಭದಿಂದ ತಿಳಿಯುತ್ತದೆ. ಆದ್ದರಿಂದ ಕನ್ನಡದಲ್ಲಿ ನಂಬಿಕೆಗೆ ಅರ್ಹವಾದ ಸುಳಿವು ‘-ಇಸು’.

ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ಈ ಪ್ರಯೋಗವನ್ನು ಕನ್ನಡದ ಮೂರು ವರ್ಷದ ಮಕ್ಕಳ ಜೊತೆ ಮಾಡಿ 2003ರಲ್ಲಿ ಪ್ರಕಟಿಸಿದರು. ವಾಕ್ಯ ಕೇಳಿಸಿ, ಆಟಿಕೆ ಪ್ರಾಣಿಗಳಿಂದ ಅದನ್ನು ಆಡಿ ತೋರಿಸಲು ಹೇಳುವುದು ವಿಧಾನ. ಎರಡು ಸುಳಿವುಗಳೂ ಒಂದಕ್ಕೊಂದು ವಿರುದ್ಧವಾದ ವಾಕ್ಯಗಳೂ ಅದರಲ್ಲಿದ್ದವು. ‘ಕೋತಿ ಕುದುರೆಯನ್ನು ಓಡಿತು’ ಎಂಬಂಥ ತಪ್ಪು ವಾಕ್ಯಗಳೆಂದು ತಿಳಿಯಿರಿ (ಈ ಉದಾಹರಣೆ ನನ್ನದು). ಮಕ್ಕಳು ಯಾವುದರ ಮಾತು ಕೇಳಿದರು? ‘-ಇಸು’ವನ್ನು ಬದಿಗಿಟ್ಟು ನಾಮಪದಗಳ ಸಂಖ್ಯೆಯನ್ನೇ ನಂಬಿದರು! ಕಿವಿಗೆ ಬಿದ್ದ ಮಾತು ಮಾತ್ರವೇ ಗುರುವಾಗಿದ್ದರೆ ಹೀಗಾಗಬಾರದಿತ್ತು. ಮಗು ತನ್ನದೇ ಒಂದು ಒಲವನ್ನು ಇಟ್ಟುಕೊಂಡು ಭಾಷೆಗೆ ಕಿವಿಗೊಡುತ್ತದೆ ಎಂಬುದು ಲೇಖಕರ ತೀರ್ಮಾನ.

ಈ ತೀರ್ಮಾನದ ಬಗ್ಗೆ ನನಗೊಂದು ಸಂಶಯವಿದೆ. ಮೂರು ವರ್ಷದ ಮಗು ಆಗಲೇ ಮೂರು ವರ್ಷಗಳ ಕನ್ನಡ ಕೇಳಿದೆ. ಹುಟ್ಟೊಲವು ಎನ್ನಬೇಕಾದರೆ ಇನ್ನೂ ಚಿಕ್ಕ ವಯಸ್ಸಿಗೆ ಇಳಿಯಬೇಕು. ಆದರೆ ಪ್ರಯೋಗದ ಸೊಗಸು ನಿರ್ವಿವಾದ. ‘ಇನ್ನೊಂದು ಭಾಷೆಯಲ್ಲೂ ಹೀಗೆಯೇ’ ಎಂದು ಪಟ್ಟಿ ಬೆಳೆಸಲು ಕನ್ನಡ ಅಲ್ಲಿ ಬಂದಿಲ್ಲ. ಇಂಗ್ಲಿಷಿನ ಮಕ್ಕಳು ಎಷ್ಟೇ ಸಾವಿರ ಇದ್ದರೂ ಕೊಡಲಾರದ ಉತ್ತರವನ್ನು ಕನ್ನಡದ ಮಕ್ಕಳು ಕೊಟ್ಟರು. ನಮ್ಮ ಕೂಸುಗಳು ಸಂಶೋಧನೆಯಲ್ಲಿ ಭಾಗವಹಿಸಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಭಾಗವಹಿಸುವುದು ಎಂದರೇನು?

ಹಾಗಾದರೆ ಸಂಶೋಧಕರು ಬಂದೊಡನೆ ಬಾಗಿಲು ತೆರೆಯಬೇಕೇ? ಅದಕ್ಕೆ ಮೊದಲು ಒಂದು ಮನೆಯ ಕಥೆ ಕೇಳಿ. ಅಮೆರಿಕದ ಎಂಐಟಿಯ ಡೆಬ್ ರಾಯ್ 2005ರಲ್ಲಿ ತನಗೆ ಮಗ ಹುಟ್ಟಿದಾಗ ಮನೆಯ ಸೂರಿಗೆ 11 ಕ್ಯಾಮರಾ, 14 ಮೈಕ್ರೋಫೋನ್ ಅಳವಡಿಸಿ, ಮೂರು ವರ್ಷಗಳ ಕಾಲ ಮಗುವಿನ ಭಾಷೆ ಅರಳಿದ್ದನ್ನು ದಾಖಲಿಸಿದರು. ಆ ಮನೆಯಲ್ಲಿ ‘ಊಪ್ಸ್’ ಎಂಬ ಗುಂಡಿಯೊಂದಿತ್ತು. ದಾಖಲಾಗಬಾರದ್ದು ದಾಖಲಾಯಿತು ಎನಿಸಿದರೆ ಅದನ್ನು ಒತ್ತಿ ಅಳಿಸಬಹುದಿತ್ತು. ಸಂಶೋಧಕನೇ ತಂದೆಯಾಗಿದ್ದ ಮನೆಯಲ್ಲೂ ಆ ಗುಂಡಿ ಬೇಕೆನಿಸಿತು.

ಗಾದಿಗನೂರಿನ ಮನೆಯಲ್ಲಿ ಆ ಗುಂಡಿ ಯಾರ ಕೈಯಲ್ಲಿರುತ್ತದೆ? ಕೂಸಿನ ಜೇಬಿನ ಯಂತ್ರ ಕೂಸಿನ ತೊದಲನ್ನಷ್ಟೇ ಕೇಳಿಸಿಕೊಳ್ಳುವುದಿಲ್ಲ. ಸಾಲದ ಮಾತು, ಅತ್ತೆಸೊಸೆಯ ಜಗಳ, ಪಕ್ಕದ ಮನೆಯಾಕೆ ನಂಬಿ ಹೇಳಿಕೊಂಡ ಗುಟ್ಟು ಎಲ್ಲವೂ ಅದರೊಳಗೆ ಸೇರುತ್ತದೆ. ತಾಯಿ ಸಹಿ ಮಾಡಿದ್ದಾಳೆ; ಪಕ್ಕದ ಮನೆಯಾಕೆ ಮಾಡಿಲ್ಲ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಸ್ಟ್ರೇಲಿಯದ ಒಂದೇ ಮಗುವಿನ ತಲೆಗೆ ಕಟ್ಟಿದ ಕ್ಯಾಮರಾದ 61 ಗಂಟೆಗಳ ದಾಖಲೆಯಿಂದ ಗಣಕಕ್ಕೆ ಪದಗಳ ಅರ್ಥ ಕಲಿಸಿದ್ದಾರೆ. ಕೂಸಿನ ದಾಖಲೆಗೆ ಇಂದು ಹೊಸ ಬೆಲೆ ಬಂದಿದೆ ಎಂಬುದನ್ನು ಇದು ತೋರಿಸುತ್ತದೆ. ಬೆಲೆಯಿರುವ ವಸ್ತುವನ್ನು ಕೊಡುವಾಗ ರಶೀದಿ ಕೇಳುವುದು ತಪ್ಪಲ್ಲ.

ನಮ್ಮಲ್ಲಿ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಮಕ್ಕಳ ಪರವಾಗಿ ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ. ಎಂಟು ತಿಂಗಳ ಕೂಸು ಸಮ್ಮತಿ ಕೊಡಲಾರದು. ಆದ್ದರಿಂದ ಅದರ ಪರವಾಗಿ ಸಹಿ ಹಾಕುವವರ ಹೊಣೆ ಹೆಚ್ಚು. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆಯ ಪಠ್ಯವೂ ಮಕ್ಕಳ ದತ್ತಾಂಶಕ್ಕೆ ಪೋಷಕರ ಖಚಿತ ಒಪ್ಪಿಗೆಯನ್ನು ವಿಧಿಸುತ್ತದೆ. ಆದರೆ ಸಂಶೋಧನೆಗೆ ಅದರಲ್ಲಿ ವಿನಾಯಿತಿಯೂ ಇದೆ. ಕಾಗದದ ಮೇಲಿನ ರಕ್ಷಣೆಯನ್ನೇ ನೆಚ್ಚಿ ಕೂರುವಂತಿಲ್ಲ.

ಆದ್ದರಿಂದ ನಿಮ್ಮ ಮನೆಗೆ, ಅಂಗನವಾಡಿಗೆ ಇಂಥ ತಂಡ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಒಂದು: ನಮ್ಮ ಮನೆಯ ಭಾಷೆಗಳೆಲ್ಲ ನಿಮ್ಮ ಲೆಕ್ಕದಲ್ಲಿ ಸೇರುತ್ತವೆಯೇ? ಎರಡು: ದಾಖಲೆಯನ್ನು ಯಾರು ಕೇಳುತ್ತಾರೆ, ಎಷ್ಟು ಕಾಲ ಇಡುತ್ತಾರೆ, ಬೇಡವೆಂದರೆ ಅಳಿಸುತ್ತಾರೆಯೇ? ಮೂರು: ಮಗುವಿನಲ್ಲಿ ತೊಂದರೆ ಕಂಡರೆ ನಮಗೆ ತಿಳಿಸಿ, ಎಲ್ಲಿಗೆ ಹೋಗಬೇಕೆಂದು ಹೇಳುತ್ತೀರಾ? ನಾಲ್ಕು: ಫಲಿತಾಂಶವನ್ನು ಕನ್ನಡದಲ್ಲಿ ನಮಗೆ ಬಂದು ಹೇಳುತ್ತೀರಾ? ನಾಲ್ಕಕ್ಕೂ ನೇರ ಉತ್ತರ ಬಂದರೆ ಧೈರ್ಯವಾಗಿ ಭಾಗವಹಿಸಿ. ಉತ್ತರ ತಡವರಿಸಿದರೆ ಬೇಡವೆನ್ನುವ ಹಕ್ಕು ನಿಮ್ಮದು.

ಕಾಯಬಾರದ ಸಂಗತಿ

ಕೊನೆಗೆ ಒಂದು ಎಚ್ಚರಿಕೆ. ಈ ಲೇಖನ ಓದಿ, ‘ಅಳತೆಯೇ ತಪ್ಪಂತೆ, ನಮ್ಮ ಮಗು ನಿಧಾನವಾಗಿ ಮಾತಾಡುತ್ತೆ ಬಿಡಿ’ ಎಂದು ಯಾರಾದರೂ ಸುಮ್ಮನಾದರೆ ನನ್ನ ಬರಹದಿಂದ ಕೇಡೇ ಆದೀತು. ಸೊನ್ನೆ ದೋಷವಿದೆಯೆಂದು ವರ್ನಿಯರನ್ನು ಯಾರೂ ಎಸೆಯುವುದಿಲ್ಲ. ದೋಷವನ್ನು ಕಳೆದು ಓದುತ್ತಾರೆ. ಕೆಲವು ಗುರುತುಗಳು ಭಾಷೆಯನ್ನು ಅವಲಂಬಿಸಿಲ್ಲ. ಸದ್ದಿಗೆ ಕೂಸು ಬೆಚ್ಚದಿದ್ದರೆ, ಕರೆದತ್ತ ತಿರುಗದಿದ್ದರೆ, ಹತ್ತು ಹನ್ನೊಂದು ತಿಂಗಳಾದರೂ ‘ಬಬಬ’, ‘ದದದ’ ಎಂಬ ತೊದಲು ಬಾರದಿದ್ದರೆ, ವರ್ಷ ದಾಟಿದರೂ ಬೆರಳು ಮಾಡಿ ತೋರಿಸದಿದ್ದರೆ ಕಿವಿಯ ಪರೀಕ್ಷೆ ಮಾಡಿಸಲೇಬೇಕು. ಕಿವುಡಾದ ಶಿಶುಗಳಲ್ಲಿ ಇಂಥ ತೊದಲು ತಡವಾಗುತ್ತದೆ ಎಂದು ಕಿಂಬ್ರೋ ಆಲರ್ ಮತ್ತು ರೆಬೆಕಾ ಐಲರ್ಸ್ 1988ರಲ್ಲೇ ತೋರಿಸಿದ್ದಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಗುರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಶ್ರವಣದೋಷ, ಭಾಷಾ ವಿಳಂಬ ಎರಡೂ ಇವೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ.

ಮೊಬೈಲಿನ ಬಗ್ಗೆಯೂ ಒಂದು ಮಾತು. 2003ರಲ್ಲಿ ಪೆಟ್ರೀಷಿಯಾ ಕೂಲ್ ತಂಡ ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ 12 ಬಾರಿ ಚೀನೀ ಭಾಷೆ ಕೇಳಿಸಿತು. ಎದುರಿಗೆ ಕುಳಿತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದ ಕಲಿತವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಜೋಲಿಯೂ ಒಂದು ಲೋಲಕವೇ. ಅದನ್ನು ತೂಗುವ ಅಕ್ಕ ಕೂಸಿಗೆ ಏನು ಕಲಿಸುತ್ತಿದ್ದಾಳೆ, ಎಷ್ಟು ಕಲಿಸುತ್ತಿದ್ದಾಳೆ ಎಂಬುದು ಇನ್ನೂ ಯಾವ ಸರಾಸರಿಯಲ್ಲೂ ಸೇರಿಲ್ಲ. ಅದನ್ನು ಅಳೆಯಲು ಯಾರಾದರೂ ಗಾದಿಗನೂರಿಗೆ ಬಂದು, ಗಡಿಯಾರ ಹಿಂದೆ ಬಿದ್ದದ್ದನ್ನು ಕಂಡರೆ, ಊರನ್ನು ದೂರುವ ಮೊದಲು ಗಡಿಯಾರವನ್ನು ಎಲ್ಲಿ ಹೊಂದಿಸಿದ್ದೆವು ಎಂದು ನೆನಪು ಮಾಡಿಕೊಳ್ಳಲಿ.